ಮುನ್ನರಿವು ಮತ್ತು ಮುನ್ನೆಚ್ಚರಿಕೆ: ಕೋಲಾರ ಸೀಮೆಯ ಬರ, ಕೆರೆ, ಗಣಿಗಳನ್ನು ಕುರಿತು

೧

ಬದುಕಿನ ನಡೆಯನ್ನು ಏಕಾಏಕಿ ಕದಡುವ ಘಟನೆಗಳನ್ನು ಮುಂಚಿತವಾಗಿ ಅರಿಯುವುದು ಮತ್ತು ಅವನ್ನು ನಿಭಾಯಿಸುವುದು ಇಂದು ಹವಾಮಾನಶಾಸ್ತ್ರ, ಭೂಕಂಪಶಾಸ್ತ್ರ, ಅರ್ಥಶಾಸ್ತ್ರ, ಸಾರ್ವಜನಿಕ ಆರೋಗ್ಯ ಮೊದಲಾದ ಹಲವು ಜ್ಞಾನಶಿಸ್ತುಗಳ ಸಮಾನ ಕಾಳಜಿಯಾಗಿದೆ. ಈ ಕ್ಷೇತ್ರಗಳು ಒಂದಕ್ಕೊಂದು ದೂರವೆಂದು ಕಂಡರೂ ಅವು ಎದುರಿಸುವ ಪ್ರಶ್ನೆಗಳು ಎರಡೇ. ಅಪಾಯ ಯಾವಾಗ ಬರುತ್ತದೆ? ಬಂದರೆ ಏನು ಮಾಡಬೇಕು? ಈ ಎರಡು ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಒಂದೇ ಎಂಬಂತೆ ಭಾವಿಸುತ್ತೇವೆ. ಮೊದಲನೆಯದಕ್ಕೆ ಉತ್ತರ ದೊರೆತರೆ ಎರಡನೆಯದು ತಾನಾಗಿಯೇ ಬಗೆಹರಿಯುತ್ತದೆಂದು ನಂಬುತ್ತೇವೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಕೋಲಾರ ಸೀಮೆಯ ಮೂರು ಅಪಾಯಗಳಾದ ಬರ, ಕೆರೆಯ ಒಡಕು ಮತ್ತು ಗಣಿಯೊಳಗಿನ ಬಂಡೆ ಸಿಡಿತಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಯನ್ನು ಆಯ್ದುಕೊಳ್ಳಲು ಕಾರಣವಿದೆ. ಬೆಂಗಳೂರಿನಿಂದ ಬಂಗಾರಪೇಟೆಯತ್ತ ಸಾಗುವ ರೈಲುದಾರಿಯಲ್ಲಿ ಮಾಲೂರು ದಾಟಿದ ಮೇಲೆ ಟೇಕಲ್ ಸಿಗುತ್ತದೆ. ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂತಹ ಬೆಟ್ಟಗಳು, ತಗ್ಗಿನಲ್ಲಿ ಕೆರೆಗಳು, ನಡುವೆ ರಾಗಿಯ ಹೊಲ. ಸಾಳುವ ಗೋಪರಾಜನ ಕಾಲದ ಶಾಸನಗಳಿರುವ ಈ ಊರಿನ ಸುತ್ತ ಬೇಸಾಯ ನಡೆದು ಬಂದದ್ದು ಮಳೆ ಮತ್ತು ಕೆರೆಗಳನ್ನು ನಂಬಿ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪೂರ್ವಕ್ಕೆ ಸ್ವಲ್ಪ ಸಾಗಿದರೆ ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಒಂದಾಗಿದ್ದ ಚಾಂಪಿಯನ್ ರೀಫ್ ಇದೆ. ಹೀಗೆ ಆಕಾಶ, ನೆಲ ಮತ್ತು ಪಾತಾಳ ಎಂಬ ಮೂರು ನೆಲೆಗಳ ಅಪಾಯಗಳನ್ನೂ ಒಂದೇ ಸೀಮೆಯಲ್ಲಿ ಕಾಣಬಹುದಾಗಿದೆ.

೨

ಅಪಾಯಗಳನ್ನು ಕ್ಷೇತ್ರಭೇದವಿಲ್ಲದೆ ಒಟ್ಟಾಗಿ ನೋಡುವ ಕ್ರಮ ಹೊಸದೇನಲ್ಲ. ಸಂಸ್ಕೃತ ಪರಂಪರೆಯಿಂದ ಕನ್ನಡಕ್ಕೆ ಬಂದ 'ಈತಿಬಾಧೆ' ಎಂಬ ಪರಿಕಲ್ಪನೆಯನ್ನು ಇಲ್ಲಿ ಗಮನಿಸಬೇಕು. ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡತೆ, ಗಿಳಿ ಮತ್ತು ಗಡಿಯ ಬಳಿ ಬೀಡುಬಿಟ್ಟ ಅರಸರು ಎಂದು ಈತಿಗಳು ಆರು. ಹವಾಮಾನ, ಕೀಟಬಾಧೆ ಮತ್ತು ಯುದ್ಧಗಳನ್ನು ಒಂದೇ ಪಟ್ಟಿಯಲ್ಲಿ ಇರಿಸಿರುವುದು ಕುತೂಹಲಕಾರಿ. ಕಾರಣಗಳು ಬೇರೆಬೇರೆಯಾದರೂ ಬೆಳೆದುನಿಂತ ಪೈರಿಗೆ ಒದಗುವ ಗತಿ ಒಂದೇ ಎಂಬ ರೈತನ ದೃಷ್ಟಿ ಈ ವರ್ಗೀಕರಣದ ಹಿಂದಿದೆ.

ಕನ್ನಡದಲ್ಲಿ ಮುನ್ನರಿವಿಗೆಂದೇ ಮೀಸಲಾದ ಶಾಸ್ತ್ರಗ್ರಂಥವೂ ಇದೆ. ಸುಮಾರು ಕ್ರಿ.ಶ. ೧೩೦೦ರ ಜೈನಕವಿ ರಟ್ಟಕವಿಯ 'ರಟ್ಟಮತ'ವು ಮಳೆ, ಗುಡುಗು ಸಿಡಿಲು, ಭೂಕಂಪ, ಗ್ರಹಚಾರ ಮುಂತಾದವುಗಳ ಲಕ್ಷಣಗಳನ್ನು ವಿವರಿಸುವ ಕೃತಿ. ಇದು ತೆಲುಗಿಗೂ ಭಾಷಾಂತರಗೊಂಡಿತೆಂಬುದು ಅದಕ್ಕಿದ್ದ ಬೇಡಿಕೆಯನ್ನು ಸೂಚಿಸುತ್ತದೆ. ಅದಕ್ಕೂ ಹಿಂದಿನ, ಹನ್ನೊಂದನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಂತರ್ಜಲವನ್ನು ಗುರುತಿಸುವ ವಿಧಾನ, ವೃಕ್ಷಾಯುರ್ವೇದ, ಶಕುನ ಮೊದಲಾದ ವಿಷಯಗಳಿವೆ. ನಮ್ಮ ಸಾಹಿತ್ಯ ಚರಿತ್ರೆಗಳು ಇಂತಹ ಕೃತಿಗಳನ್ನು 'ಶಾಸ್ತ್ರಸಾಹಿತ್ಯ' ಎಂಬ ಅಧ್ಯಾಯದಲ್ಲಿ ಹೆಸರಿಸಿ ಮುಂದೆ ಸಾಗುತ್ತವೆ. ಅವುಗಳ ಮುನ್ಸೂಚನೆಗಳು ನಿಜವಾದವೇ ಎಂಬುದಕ್ಕಿಂತ, ಒಂದು ಸಮಾಜ ಅನಿಶ್ಚಯವನ್ನು ಹೇಗೆ ಎದುರಿಸಿತು ಎಂಬುದಕ್ಕೆ ಅವು ಸಾಕ್ಷಿಯಾಗಿರುವುದೇ ಹೆಚ್ಚು ಮಹತ್ವದ ಸಂಗತಿ.

ಇವುಗಳಿಗೆ ಎದುರಾಗಿ ಮತ್ತೊಂದು ದಾಖಲೆಯನ್ನು ಇರಿಸಿ ನೋಡಬಹುದು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರ ಭವದೂರ ಕಟ್ಟಿಸಿದ ಕೆರೆಯ ೧೩೬೯ರ ಸಂಸ್ಕೃತ ಶಾಸನವು ಉತ್ತಮ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಪಟ್ಟಿಮಾಡುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಚೌಳು ಮಣ್ಣು, ಕೆರೆಯಂಗಳದ ನಡುವೆ ದಿಬ್ಬ, ನೀರು ಕಡಿಮೆಯಿದ್ದು ನೆಲ ಹೆಚ್ಚಿರುವುದು, ನೀರು ಹೆಚ್ಚಿದ್ದು ನೆಲ ಕಡಿಮೆಯಿರುವುದು, ಎರಡು ರಾಜ್ಯಗಳ ಗಡಿಯಲ್ಲಿರುವುದು ಇವೇ ಆ ದೋಷಗಳು. ರಟ್ಟಮತ 'ಲಕ್ಷಣ'ಗಳನ್ನು ಹೇಳಿದರೆ ಈ ಶಾಸನ 'ದೋಷ'ಗಳನ್ನು ಹೇಳುತ್ತದೆ. ಲಕ್ಷಣದ ದೃಷ್ಟಿ ಬರಲಿರುವ ಘಟನೆಯ ಮೇಲೆ, ದೋಷದ ದೃಷ್ಟಿ ನಮ್ಮದೇ ನಿರ್ಮಿತಿಯ ಮೇಲೆ. ಒಂದು 'ಯಾವಾಗ ಬಂದೀತು' ಎಂದು ಕೇಳುತ್ತದೆ, ಇನ್ನೊಂದು 'ಬಂದರೆ ಎಲ್ಲಿ ಒಡೆದೀತು' ಎಂದು ಕೇಳುತ್ತದೆ. ಮುಂದಿನ ವಿವೇಚನೆಗೆ ಈ ವ್ಯತ್ಯಾಸವೇ ಆಧಾರ.

೩

ಮೊದಲನೆಯದು ಬರ. ಕೋಲಾರ ಸೀಮೆಯ ವಾರ್ಷಿಕ ಸರಾಸರಿ ಮಳೆ ಸುಮಾರು ೭೦೦ರಿಂದ ೭೫೦ ಮಿಲಿಮೀಟರ್. ಅದರ ಪ್ರಮಾಣಕ್ಕಿಂತ ಹಂಚಿಕೆಯ ಅನಿಶ್ಚಯವೇ ಇಲ್ಲಿನ ಮುಖ್ಯ ಸಮಸ್ಯೆ. ಇದನ್ನು ಎದುರಿಸಲು ಜನಪದರು ವರ್ಷವನ್ನು ಮಳೆನಕ್ಷತ್ರಗಳಾಗಿ ವಿಂಗಡಿಸಿಕೊಂಡರು. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳು ಒಂದೊಂದು ಮಳೆ. ತೆಲುಗು ಮಾತಾಡುವ ಮನೆಗಳಲ್ಲಿ ಇದೇ 'ಕಾರ್ತೆ'. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಎಂಬರ್ಥದ ಗಾದೆಗಳು ಮೇಲ್ನೋಟಕ್ಕೆ ಭವಿಷ್ಯವಾಣಿಯಂತೆ ತೋರುತ್ತವೆ. ವಾಸ್ತವವಾಗಿ ಅವು ಭರಣಿ ಬರುತ್ತದೆಂದು ಹೇಳುವುದಿಲ್ಲ. ಬಂದರೆ ಏನಾಗುತ್ತದೆ, ಬಾರದಿದ್ದರೆ ಏನಾಗುತ್ತದೆ ಎಂಬ ಷರತ್ತಿನ ರೂಪದಲ್ಲಿಯೇ ಮಾತಾಡುತ್ತವೆ. ಈ 'ರೆ' ಪ್ರತ್ಯಯವನ್ನು ನಮ್ಮ ಗಾದೆಗಳ ಅಧ್ಯಯನ ಸಾಕಷ್ಟು ಗಮನಿಸಿಲ್ಲವೆನ್ನಬೇಕು. ಮಳೆಗಾದೆಯನ್ನು ಮುನ್ಸೂಚನೆ ಎನ್ನುವುದಕ್ಕಿಂತ ನಿರ್ಣಯಸೂತ್ರ ಎನ್ನುವುದು ಹೆಚ್ಚು ಸೂಕ್ತ.

ಯುಗಾದಿಯ ದಿನದ ಪಂಚಾಂಗ ಶ್ರವಣದಲ್ಲಿ ವರ್ಷದ ಮಳೆಯ ಪ್ರಮಾಣವನ್ನು ಕೇಳಿದ ರೈತನು ಅದನ್ನೇ ನಂಬಿ ಕೂರಲಿಲ್ಲ ಎಂಬುದಕ್ಕೆ ಅವನ ಹೊಲವೇ ಸಾಕ್ಷಿ. ರಾಗಿಯ ನಡುವೆ ಅವರೆ, ತೊಗರಿ, ಸಾಸಿವೆಗಳ ಅಕ್ಕಡಿ ಸಾಲು ಹಾಕುವುದೆಂದರೆ ಒಂದು ಬೆಳೆ ಕೈಕೊಟ್ಟರೂ ಇನ್ನೊಂದು ಕೈಹಿಡಿಯಲಿ ಎಂಬ ಏರ್ಪಾಟು. ಹುಳು ಹಿಡಿಯದ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕೂಡಿಡುವುದೂ ಅಂತಹುದೇ. ಬರ ಯಾವ ವರ್ಷ ಬರುತ್ತದೆಂದು ತಿಳಿಯದವನೇ ಹಗೇವು ತೋಡುತ್ತಾನೆ.

ಈ ಏರ್ಪಾಟುಗಳಿಗೂ ಮಿತಿಯಿತ್ತು. ೧೮೭೬-೭೮ರ, ಅಂದರೆ ಧಾತು ಮತ್ತು ಈಶ್ವರ ಸಂವತ್ಸರಗಳ ಮಹಾಕ್ಷಾಮ ಆ ಮಿತಿಯನ್ನು ತೋರಿಸಿತು. ೧೮೭೧ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ೫೦,೫೫,೪೧೨ ಇದ್ದುದು ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಿದ್ದ ಸಂಖ್ಯೆ ಸುಮಾರು ೮.೭ ಲಕ್ಷದಷ್ಟು ಕುಸಿದುದರ ಹಿಂದಿನ ಸಾವುಗಳು ಎಷ್ಟೆಂಬುದನ್ನು ಊಹಿಸಬಹುದು. ಬೆಂಗಳೂರು-ಜೋಲಾರಪೇಟೆ ರೈಲುದಾರಿ ೧೮೬೪ರಲ್ಲಿಯೇ ತೆರೆದಿತ್ತು. ಧಾನ್ಯ ಸಾಗಿಸಲು ದಾರಿಯಿದ್ದರೂ ಕೊಳ್ಳುವ ಶಕ್ತಿಯಿಲ್ಲದವನ ಒಲೆ ಹತ್ತಲಿಲ್ಲ. ಕ್ಷಾಮಕ್ಕೆ ಆಹಾರದ ಕೊರತೆಗಿಂತ ಆಹಾರ ಪಡೆಯುವ ಹಕ್ಕಿನ ನಷ್ಟ ಕಾರಣವಾಗುತ್ತದೆಂದು ಅಮರ್ತ್ಯ ಸೇನ್ ೧೯೮೧ರಲ್ಲಿ ಮಂಡಿಸಿದ ವಾದಕ್ಕೆ ಈ ಸಂದರ್ಭವೂ ಪುಷ್ಟಿ ಕೊಡುತ್ತದೆ.

ಕ್ಷಾಮದ ಬಳಿಕ ೧೮೮೦ರ ಕ್ಷಾಮ ಆಯೋಗದ ವರದಿಯ ಆಧಾರದ ಮೇಲೆ ೧೮೮೩ರಲ್ಲಿ ರೂಪುಗೊಂಡ ಕ್ಷಾಮ ಸಂಹಿತೆ ಲಕ್ಷಣದ ಅರ್ಥವನ್ನೇ ಬದಲಿಸಿತು. ಧಾನ್ಯದ ಬೆಲೆ ಏರುವುದು, ಸಾಲ ಹುಟ್ಟದಿರುವುದು, ಜನ ಗುಂಪಾಗಿ ಊರು ಬಿಡುವುದು, ಕಳವುಗಳು ಹೆಚ್ಚುವುದು ಮೊದಲಾದವು ಕ್ಷಾಮದ ಮುನ್ಸೂಚನೆಗಳೆನಿಸಿದವು. ಆಕಾಶದಲ್ಲಿ ಹುಡುಕುತ್ತಿದ್ದ ಲಕ್ಷಣಗಳನ್ನು ಸಂತೆಯಲ್ಲಿ, ಊರಬಾಗಿಲಿನಲ್ಲಿ ಹುಡುಕುವ ಕ್ರಮ ಹೀಗೆ ಆರಂಭವಾಯಿತು. ೧೯೮೮ರಲ್ಲಿ ಕರ್ನಾಟಕ ಸ್ಥಾಪಿಸಿದ ಬರ ಉಸ್ತುವಾರಿ ಕೋಶವೂ ಮುಂದೆ ಅದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದುದೂ ಈ ದಾರಿಯ ಮುಂದುವರಿಕೆ. ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳಿವೆ. ಆದರೆ ಮಾಪಕ ಮಳೆಯನ್ನು ಅಳೆಯಬಲ್ಲದು, ಸಾವಿರ ಅಡಿ ದಾಟಿದ ಕೊಳವೆಬಾವಿಗೆ ಸಾಲ ಮಾಡಿದವನ ಸಂಕಟವನ್ನಲ್ಲ.

೪

ಎರಡನೆಯದು ಕೆರೆ. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ಕೆರೆಗಳಿದ್ದವು. ಇವು ಬಿಡಿ ಕೆರೆಗಳಲ್ಲ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಸೇರುವ ಸರಣಿಗಳು. ಆದ್ದರಿಂದ ಒಂದರ ಏರಿ ಒಡೆದರೆ ಆ ಹೊಡೆತ ಸರಣಿಯುದ್ದಕ್ಕೂ ಸಾಗುತ್ತದೆ. ೧೯೦೩ರ ನವೆಂಬರ್ ತಿಂಗಳ ಮಳೆಗೆ ಪಾಲಾರ್ ನದಿಯ ಮೇಲಿನ ಬೇತಮಂಗಲದ ಕೆರೆ ಒಡೆದು, ಕೆಳಗಿನ ಮದರಾಸು ಪ್ರಾಂತದ ವಾಣಿಯಂಬಾಡಿ ತೀವ್ರ ಹಾನಿಗೆ ಒಳಗಾಯಿತು. ಇದಕ್ಕೆ ಹನ್ನೊಂದು ವರ್ಷ ಮೊದಲು, ೧೮೯೨ರಲ್ಲಿ, ಮೈಸೂರು ಮತ್ತು ಮದರಾಸುಗಳ ನಡುವೆ ಪಾಲಾರ್ ಸೇರಿದಂತೆ ಹಲವು ನದಿಗಳನ್ನು ಕುರಿತ ಒಪ್ಪಂದವಾಗಿತ್ತು. ಮೇಲಿನವರು ಹೊಸದಾಗಿ ನೀರು ತಡೆಹಿಡಿಯುವುದನ್ನು ನಿಯಂತ್ರಿಸುವುದೇ ಅದರ ಮುಖ್ಯ ಕಾಳಜಿ. ಎರಡು ರಾಜ್ಯಗಳ ಗಡಿಯನ್ನು ಕೆರೆಯ ದೋಷವೆಂದು ಪೋರುಮಾಮಿಳ್ಳ ಶಾಸನ ಗುರುತಿಸಿದುದರ ಅರ್ಥ ಇಲ್ಲಿ ಹೊಳೆಯುತ್ತದೆ. ನೀರು ಗಡಿಯನ್ನು ದಾಟುತ್ತದೆ, ಹೊಣೆ ಗಡಿಯಲ್ಲಿ ನಿಂತುಬಿಡುತ್ತದೆ.

ಏರಿ ಒಡೆಯುವ ದಿನವನ್ನು ಹೇಳಲು ಯಾರಿಂದಲೂ ಸಾಧ್ಯವಿರಲಿಲ್ಲ. ಆದುದರಿಂದ ಒಡೆಯದಂತೆ ನೋಡಿಕೊಳ್ಳುವ ವೆಚ್ಚವನ್ನು ಮುಂಚಿತವಾಗಿ ಕಟ್ಟಿಡುವ ಕ್ರಮ ಬಂದಿತು. ಶಾಸನಗಳಲ್ಲಿ ಕಾಣುವ ಬಿತ್ತುವಟ್ಟ, ಕಟ್ಟುಕೊಡಗಿ, ದಸವಂದ ಎಂಬ ದತ್ತಿಗಳು ಕೆರೆ ಕಟ್ಟಿದವನಿಗೆ, ಕೆರೆಯನ್ನು ದುರಸ್ತಿಯಲ್ಲಿಡುವವನಿಗೆ ಸಲ್ಲುವ ಭೂಮಿ ಅಥವಾ ಫಸಲಿನ ಪಾಲು. ಏರಿಗೆ ಮಣ್ಣು ಹೊರುವ ಕೆರೆಬಂಡಿಗೆಂದು ಬಿಟ್ಟ ದತ್ತಿಗಳೂ ಇವೆ. ಇಂತಹ ಶಾಸನಗಳನ್ನು ದಾನಶಾಸನಗಳೆಂದು ವರ್ಗೀಕರಿಸಿ, ದಾನಿಯ ಹೆಸರು, ವಂಶ, ಕಾಲಗಳನ್ನು ಸಂಗ್ರಹಿಸುವುದು ನಮ್ಮ ರೂಢಿ. ಅಪಾಯ ನಿರ್ವಹಣೆಯ ದಾಖಲೆಗಳಾಗಿ ಅವನ್ನು ಮರುಓದಬೇಕಾಗಿದೆ. 'ಎಪಿಗ್ರಾಫಿಯಾ ಕರ್ನಾಟಿಕಾ'ದ ಕೋಲಾರ ಸಂಪುಟ ಇದಕ್ಕೆ ಹೇರಳವಾದ ಸಾಮಗ್ರಿ ಒದಗಿಸುತ್ತದೆ.

ಕೆರೆಯ ಮುನ್ನರಿವು ಮತ್ತು ಮುನ್ನೆಚ್ಚರಿಕೆಗಳು ಕೂಡಿದ್ದು ನೀರುಗಂಟಿಯಲ್ಲಿ. ತೂಬು ಎತ್ತುವುದು, ಇಳಿಸುವುದು, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು, ಮಳೆಯ ರಾತ್ರಿ ಏರಿಯ ಮೇಲೆ ಓಡಾಡಿ ಜಿನುಗನ್ನು ಗುರುತಿಸಿ ಊರನ್ನು ಎಬ್ಬಿಸುವುದು ಅವನ ಕೆಲಸ. ಲಕ್ಷಣವನ್ನು ಕಾಣುವವನೂ ಕ್ರಮ ಕೈಗೊಳ್ಳುವವನೂ ಒಬ್ಬನೇ ಆಗಿದ್ದುದು ಈ ವ್ಯವಸ್ಥೆಯ ಬಲ. ಹಾಗೆಂದು ಇದನ್ನು ಆದರ್ಶೀಕರಿಸಲಾಗದು. ಈ ಕೆಲಸ ಬಹುಮಟ್ಟಿಗೆ ದಲಿತ ಕುಟುಂಬಗಳ ಮೇಲೆ ವಂಶಪಾರಂಪರ್ಯವಾಗಿ ಹೊರಿಸಿದ ಚಾಕರಿಯಾಗಿತ್ತು. ಊರಿಗೆಲ್ಲ ನೀರು ಹಂಚಿದವನಿಗೆ ಊರಬಾವಿಯ ನೀರು ಮುಟ್ಟುವ ಹಕ್ಕಿರಲಿಲ್ಲ. ಗ್ರಾಮದ ವಂಶಪಾರಂಪರ್ಯ ಹುದ್ದೆಗಳನ್ನು ರದ್ದುಗೊಳಿಸಿದ ೧೯೬೧ರ ಅಧಿನಿಯಮ ಈ ಕಾರಣಕ್ಕಾಗಿ ಸರ್ವಥಾ ನ್ಯಾಯವಾದುದು. ಆದರೆ ಹುದ್ದೆ ಹೋದ ಜಾಗಕ್ಕೆ ತಕ್ಕ ವೇತನದ, ಗೌರವದ ಹೊಣೆಗಾರಿಕೆ ಬರಲಿಲ್ಲ. ಕೆರೆಯನ್ನು ಕಾಯುವ ಕಣ್ಣು ಇಲ್ಲವಾಯಿತು. ಕಾಲುವೆಗಳು ಒತ್ತುವರಿಯಾದವು, ಅಂಗಳ ಹೂಳಿನಿಂದ ತುಂಬಿತು.

೨೦೧೮ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿತು. ಆ ನೀರಿನ ಗುಣಮಟ್ಟದ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ೨೦೨೧ರ ನವೆಂಬರ್ ಮಳೆಗೆ ಬಹುಕಾಲ ಬತ್ತಿದ್ದ ಕೆರೆಗಳು ಕೋಡಿ ಹರಿದಾಗ ಜನ ಸಂಭ್ರಮಿಸಿದರು. ಬರದ ಸೀಮೆಯೆಂದೇ ಹೆಸರಾದ ಕಡೆ ನೆರೆಯ ಸಿದ್ಧತೆಯೂ ಬೇಕೆಂಬುದನ್ನು ಆ ಮಳೆ ನೆನಪಿಸಿತು. ಮಳೆಗಾಲಕ್ಕೆ ಮುನ್ನವೇ ತುಂಬಿರುವ ಕೆರೆಯಲ್ಲಿ ಹೊಸ ನೀರನ್ನು ತಡೆಯುವ ಎಡೆ ಕಡಿಮೆ. ಹೀಗೆ ಒಂದು ಅಪಾಯದ ಪರಿಹಾರ ಇನ್ನೊಂದು ಅಪಾಯದ ಲೆಕ್ಕವನ್ನು ಬದಲಿಸುತ್ತದೆ.

೫

ಮೂರನೆಯದು ಗಣಿ. ಕೋಲಾರ ಚಿನ್ನದ ಗಣಿಗಳಲ್ಲಿ ೧೮೮೦ರ ದಶಕದಿಂದ ೨೦೦೧ರ ಫೆಬ್ರುವರಿಯಲ್ಲಿ ಮುಚ್ಚುವವರೆಗೆ ತೋಡಿದ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಅದಿರನ್ನು ತೆಗೆದಂತೆಲ್ಲ ಅದು ಹೊತ್ತಿದ್ದ ಭಾರ ಉಳಿದ ಬಂಡೆಯ ಮೇಲೆ ಬೀಳುತ್ತದೆ. ಗಟ್ಟಿಯಾದ, ಆದರೆ ಬಾಗದ ಬಂಡೆ ಆ ಒತ್ತಡವನ್ನು ಒಳಗೇ ಕೂಡಿಸಿಟ್ಟುಕೊಂಡು ಒಂದು ಕ್ಷಣದಲ್ಲಿ ಸಿಡಿಯುತ್ತದೆ. ರಾಕ್‌ಬರ್ಸ್ಟ್ ಎಂದು ಕರೆಯುವ ಈ ಸಿಡಿತ ಊರಿಗಾಂ ಗಣಿಯಲ್ಲಿ ೧೮೯೮ರಲ್ಲಿಯೇ ದಾಖಲಾಗಿತ್ತು. ೧೯೧೨ರಲ್ಲಿ ಇಲ್ಲಿ ಭೂಕಂಪಮಾಪಕವನ್ನು ಇರಿಸಲಾಯಿತು. ೧೯೭೦ರ ದಶಕದ ಕೊನೆಯಲ್ಲಿ ಭಾಭಾ ಪರಮಾಣು ಸಂಶೋಧನ ಕೇಂದ್ರದ ನೆರವಿನಿಂದ ಸೂಕ್ಷ್ಮ ಕಂಪನಗಳನ್ನು ಆಲಿಸುವ ಜಾಲ ಬಂದಿತು. ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ ೧೯೮೮ರಲ್ಲಿ ಈ ಊರಿನಲ್ಲಿಯೇ ಆರಂಭವಾಯಿತು.

ಈ ದೀರ್ಘ ಅನುಭವದ ಪಾಠ ಸ್ಪಷ್ಟವಾಗಿದೆ. ಸಿಡಿತಕ್ಕೆ ಮುನ್ನ ಸೂಕ್ಷ್ಮ ಕಂಪನಗಳು ಹೆಚ್ಚಾಗುವುದುಂಟು. ಆದರೆ ಹೆಚ್ಚಾದಾಗಲೆಲ್ಲ ಸಿಡಿತವಾಗುವುದಿಲ್ಲ, ಸದ್ದಿಲ್ಲದೆಯೂ ಬಂಡೆ ಸಿಡಿಯಬಹುದು. ಎಲ್ಲಿ ಅಪಾಯ ಹೆಚ್ಚು ಎಂಬುದನ್ನು ಹೇಳಬಹುದೇ ಹೊರತು ಯಾವ ಗಳಿಗೆಯಲ್ಲಿ ಎಂಬುದನ್ನಲ್ಲ. ಕಾರ್ಮಿಕರ ಜೀವ ಉಳಿಸುವಲ್ಲಿ ಅದಿರು ತೆಗೆಯುವ ಅನುಕ್ರಮವನ್ನು ಬದಲಿಸಿದ್ದು, ತೆರವಾದ ಜಾಗದಲ್ಲಿ ಗ್ರಾನೈಟಿನ ಗೋಡೆಗಳನ್ನು, ಅನಂತರ ಕಾಂಕ್ರೀಟನ್ನು ತುಂಬಿದ್ದು ಮುಖ್ಯವಾದವು. ಚೀನಾದ ಹೈಚೆಂಗ್ ನಗರದ ೧೯೭೫ರ ಭೂಕಂಪಕ್ಕೆ ಮುನ್ನ ಜನರನ್ನು ತೆರವುಗೊಳಿಸಲು ಸಾಧ್ಯವಾಯಿತು. ಮರುವರ್ಷ ತಾಂಗ್‌ಶಾನ್ ನಗರವು ಯಾವ ಎಚ್ಚರಿಕೆಯೂ ಇಲ್ಲದೆ ನೆಲಸಮವಾಯಿತು. ಒಂದು ಮುನ್ನರಿವಿನ ಗೆಲುವು ಮುಂದಿನದಕ್ಕೆ ಭರವಸೆಯಾಗದು.

೬

ಮೂರು ಕ್ಷೇತ್ರಗಳನ್ನು ಒಟ್ಟಾಗಿ ನೋಡಿದಾಗ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಹಗೇವು, ಕೆರೆಬಂಡಿ ಮತ್ತು ಗ್ರಾನೈಟಿನ ಗೋಡೆ ಎಂಬ ಮೂರೂ ಮುನ್ನರಿವಿನ ಸೋಲನ್ನು ಒಪ್ಪಿಕೊಂಡೇ ಹುಟ್ಟಿದ ಉಪಾಯಗಳು. ಎರಡನೆಯದಾಗಿ, ಲಕ್ಷಣಜ್ಞಾನ ವ್ಯರ್ಥವಲ್ಲ. ಆದರೆ ಅದು ಫಲ ಕೊಡಬೇಕಾದರೆ ಕಾಣುವ ಕಣ್ಣಿಗೂ ಮಾಡುವ ಕೈಗೂ ನಡುವಣ ಅಂತರ ಕಿರಿದಾಗಿರಬೇಕು. ಇಂದು ಮುನ್ಸೂಚನೆ ರಾಜಧಾನಿಯಲ್ಲಿ ಸಿದ್ಧವಾಗುತ್ತದೆ, ಏರಿ ಊರಿನಲ್ಲಿರುತ್ತದೆ. ಮೂರನೆಯದಾಗಿ, ಎಚ್ಚರವಾಗಿರುವುದಕ್ಕೆ ಬೆಲೆಯಿದೆ. ಆ ಬೆಲೆಯನ್ನು ನೀರುಗಂಟಿಯೋ ಗಣಿಕಾರ್ಮಿಕನೋ ಸಾಲಗಾರ ರೈತನೋ ಒಬ್ಬನೇ ತೆರುವಂತಾದರೆ ಅದನ್ನು ನಿರ್ವಹಣೆ ಎನ್ನಲಾಗದು, ಅಪಾಯದ ವರ್ಗಾವಣೆ ಎನ್ನಬೇಕು.

ಕನ್ನಡ ಅಧ್ಯಯನಕ್ಕೆ ಇದರಿಂದ ಕೆಲವು ಕೆಲಸಗಳು ಒದಗುತ್ತವೆ. ರಟ್ಟಮತದಂತಹ ಕೃತಿಗಳನ್ನು ಮೌಢ್ಯವೆಂದು ತಳ್ಳದೆ, ವಿಜ್ಞಾನವೆಂದು ಹೊಗಳದೆ ಓದಬೇಕು. ಕೆರೆಯ ದತ್ತಿಶಾಸನಗಳನ್ನು ಹೋಬಳಿವಾರು ಪರಿಶೀಲಿಸಿ ಇಂದಿನ ಕೆರೆಗಳ ಸ್ಥಿತಿಯೊಡನೆ ಹೋಲಿಸಬೇಕು. ಟೇಕಲ್‌ನಂತಹ ಒಂದು ಹೋಬಳಿಯಿಂದಲೇ ಇದನ್ನು ಆರಂಭಿಸಬಹುದು. ಕನ್ನಡ ತೆಲುಗುಗಳೆರಡರಲ್ಲೂ ಬಳಕೆಯಲ್ಲಿರುವ ತೂಬು, ಕೋಡಿ, ಏರಿ, ಜಿನುಗುಗಳ ವೃತ್ತಿಪದಗಳನ್ನು ಬಲ್ಲ ಹಿರಿಯರು ಇರುವಾಗಲೇ ಸಂಗ್ರಹಿಸಬೇಕು. ಏರಿಯಲ್ಲಿ ಕಂಡ ಬಿರುಕಿಗೆ ಒಂದು ಹೆಸರಿದ್ದರೆ ಅದನ್ನು ಕೂಗಿ ಹೇಳಬಹುದು. ಹೆಸರು ಮರೆತ ಊರಿನಲ್ಲಿ ಬಿರುಕು ಕಣ್ಣಿಗೆ ಬಿದ್ದರೂ ಯಾರಿಗೂ ತಿಳಿಯುವುದಿಲ್ಲ.