‘ಸ್ಟಾಕ್ ಇಲ್ಲ’ ಅಂದಾಗ

2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಒಂದು ಸಣ್ಣ ವ್ಯವಸ್ಥೆ ತಂದಿತು. ರೋಗಿಯ ಹೆಸರಿಗೆ ಕೊರೊನಾ ಚಿಕಿತ್ಸೆಯ ರೆಮ್‌ಡೆಸಿವಿರ್ ಇಂಜೆಕ್ಷನ್ ಹಂಚಿಕೆಯಾದರೆ ಎಸ್‌ಎಂಎಸ್ ಮೊಬೈಲಿಗೇ ಬರುತ್ತಿತ್ತು. ಅದಕ್ಕೂ ಮುನ್ನ “ಇಂಜೆಕ್ಷನ್ ಬಂದಿಲ್ಲ, ಹೊರಗಿಂದ ತನ್ನಿ” ಅಂದರೆ ಮನೆಯವರು ಚೀಟಿ ಹಿಡಿದು ಊರೆಲ್ಲ ಅಲೆಯಬೇಕಿತ್ತು. ಮೆಸೇಜ್ ಇದ್ದವರು ಮಾತ್ರ “ನಮ್ಮ ಹೆಸರಿಗೆ ಬಂದ ವಯಲ್ ಎಲ್ಲಿ?” ಎಂದು ಕೇಳಬಹುದಾಯಿತು.

ಇಂಥ ಕೊರತೆಯ ಕಾಲಕ್ಕೆ ಕಾನೂನೂ ಇದೆ. ಸಾಂಕ್ರಾಮಿಕ ರೋಗ ಹಬ್ಬಿದಾಗ ಔಷಧಿಯ ಮಾರಾಟ, ವಿತರಣೆಗಳನ್ನು ನಿಯಂತ್ರಿಸುವ ಅಧಿಕಾರವನ್ನು ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 26ಬಿ ಕಲಂ ಕೇಂದ್ರಕ್ಕೆ ಕೊಟ್ಟಿದೆ. 2020ರ ಮಾರ್ಚ್‌ನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ಇದೇ ಕಲಮಿನಡಿ ಎಚ್1 ಷೆಡ್ಯೂಲಿನ ಷರತ್ತಿಗೆ ತಂದರು. ಅಂದರೆ ವೈದ್ಯರ ಚೀಟಿ ಬೇಕು, ಅಂಗಡಿಯವರು ರೋಗಿಯ ಹೆಸರನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆಯಬೇಕು. ಕೊರೊನಾ ಭಯಕ್ಕೆ ಜನ ಕೊಂಡಿಟ್ಟುಕೊಂಡಿದ್ದರಿಂದ ಸಂಧಿವಾತಕ್ಕೆ ಅದನ್ನೇ ನುಂಗುತ್ತಿದ್ದವರು ಪರದಾಡಿದ್ದರು.

ಇನ್ನು ಮೆಡಿಕಲ್ ಶಾಪಿನ ವಿಷಯ. ಔಷಧ ಬೆಲೆ ನಿಯಂತ್ರಣ ಆದೇಶ 2013ರ 28ನೇ ಪ್ಯಾರಾ ಪ್ರಕಾರ, ಅಂಗಡಿಯಲ್ಲಿ ಇರುವ ಔಷಧಿಯನ್ನು ಕೊಳ್ಳಲು ಬಂದವರಿಗೆ ಕೊಡುವುದಿಲ್ಲ ಎನ್ನುವಂತಿಲ್ಲ. ಚೀಟಿ ಬೇಕಾದದ್ದಕ್ಕೆ ಚೀಟಿ ಕೇಳಬಹುದು, ಅಷ್ಟೇ. ಲೇಬಲ್ಲಿನ ಬೆಲೆಗಿಂತ ಹೆಚ್ಚು ಕೇಳುವಂತೆಯೂ ಇಲ್ಲ. ಪೂರ್ತಿ ಸ್ಟ್ರಿಪ್ಪಿನ ಬದಲು ನಾಲ್ಕು ಮಾತ್ರೆ ಕೊಂಡರೆ ದರ ಅದೇ ಲೆಕ್ಕಕ್ಕೆ ಬರಬೇಕು. ಇದನ್ನು ಮೀರಿದರೆ ಅಗತ್ಯ ವಸ್ತುಗಳ ಕಾಯ್ದೆಯಡಿ 3 ತಿಂಗಳಿಂದ 7 ವರ್ಷದವರೆಗೆ ಜೈಲಾಗಬಹುದು. ದೂರನ್ನು ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗೆ ಕೊಡಿ. ಆದರೆ ಬಿಲ್ ಇಲ್ಲದ ದೂರಿಗೆ ಬಲ ಕಡಿಮೆ. “ಬಿಲ್ ಬೇಕಾದರೆ ಮಾಲು ಇಲ್ಲ” ಅನ್ನುವವರ ಹತ್ತಿರ ಕೊಳ್ಳುವುದು ಹಣದ ನಷ್ಟವಷ್ಟೇ ಅಲ್ಲ: 2021ರ ಏಪ್ರಿಲ್‌ನಲ್ಲಿ ಮೈಸೂರಿನಲ್ಲಿ ಖಾಲಿ ವಯಲ್‌ಗೆ ಸಲೈನ್ ತುಂಬಿ ರೆಮ್‌ಡೆಸಿವಿರ್ ಎಂದು ಮಾರಿದ ಆರೋಪದ ಮೇಲೆ ಬಂಧನವಾಗಿತ್ತು. ಕೊಂಡ ಔಷಧಿಯ ಮೇಲೆ ಸಂಶಯವಿದ್ದರೆ, ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 26ನೇ ಕಲಮಿನಡಿ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಯಾರು ಬೇಕಾದರೂ ಪರೀಕ್ಷೆ ಮಾಡಿಸಬಹುದು. ಬಾಟಲಿ, ಲೇಬಲ್, ಬ್ಯಾಚ್ ನಂಬರನ್ನು ಎಸೆಯಬೇಡಿ.

ಜಿಲ್ಲೆಗೆ ಬಂದ ದಾಸ್ತಾನು ಯಾವ ಆಸ್ಪತ್ರೆಗೆ ಎಷ್ಟು ಹೋಯಿತು ಎಂಬುದು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದಾದ ಪ್ರಶ್ನೆ. ಉತ್ತರಕ್ಕೆ ಸಾಮಾನ್ಯ ಗಡುವು 30 ದಿನ; ಒಬ್ಬರ ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆ. ಅಧಿಕಾರಿಗಳು ಈ 48 ಗಂಟೆಯನ್ನು ಸುಲಭಕ್ಕೆ ಒಪ್ಪುವುದಿಲ್ಲ. ಅದಕ್ಕೇ ಅರ್ಜಿಯ ಮೊದಲ ಸಾಲಿನಲ್ಲೇ “ಕಲಂ 7(1), ಜೀವಕ್ಕೆ ಸಂಬಂಧಿಸಿದ್ದು” ಎಂದು ಬರೆದು, ರೋಗಿ ಯಾವ ವಾರ್ಡಿನಲ್ಲಿದ್ದಾರೆ, ವೈದ್ಯರು ಯಾವ ಔಷಧಿ ಬರೆದಿದ್ದಾರೆ ಎಂಬುದನ್ನು ತಿಳಿಸಿ ಚೀಟಿಯ ಜೆರಾಕ್ಸ್ ಲಗತ್ತಿಸಿ. ಸ್ವೀಕೃತಿಯ ಮೇಲೆ ತಾರೀಖಿನ ಜೊತೆ ಗಂಟೆಯನ್ನೂ ಬರೆಸಿಕೊಳ್ಳಿ.