ರೂಟರ್ ಬದಲಿಸುವ ಮುನ್ನ ದೀಪ ನೋಡಿ

ಪ್ರಶ್ನೆ ಕಳಿಸಿದ ನ್ಯಾಮತಿಯ ತಾಯಿಗೆ ಈ ಉತ್ತರ. ಮಗಳ ಆನ್‌ಲೈನ್ ಪರೀಕ್ಷೆಯ ಹೊತ್ತಿಗೇ ನೆಟ್ ಹೋಗುತ್ತಿದ್ದರೆ ಯಾರಿಗಾದರೂ ಕೈಕಾಲು ಆಡುವುದಿಲ್ಲ. ಆದರೂ ಹೊಸ ರೂಟರ್‌ಗೆ ದುಡ್ಡು ಸುರಿಯಬೇಡಿ.

ನೆಟ್ ಹೋದ ಕ್ಷಣವೇ ರೂಟರ್‌ನ ದೀಪಗಳನ್ನು ನೋಡಿ. ‘ಎಲ್‌ಒಎಸ್’ ಎಂಬಲ್ಲಿ ಕೆಂಪು ಮಿನುಗುತ್ತಿದ್ದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನವಿಲ್ಲ. ಆ ತೆಳ್ಳನೆಯ ಕೇಬಲ್ ಬೀರುವಿನ ಹಿಂದೆ ಮಡಚಿಕೊಂಡಿದೆಯೇ, ಇಲಿ ಕಡಿದಿದೆಯೇ ಪರೀಕ್ಷಿಸಿ. ಒಳಗಿರುವುದು ಗಾಜಿನ ಎಳೆ, ಚೂಪಾಗಿ ಬಾಗಿದರೆ ಬೆಳಕು ಸೋರಿಹೋಗುತ್ತದೆ. ತುದಿಯನ್ನು ಬಿಚ್ಚಿ ಕಣ್ಣಿಗೆ ಮಾತ್ರ ಹಿಡಿಯಬೇಡಿ, ಕಾಣದ ಲೇಸರ್ ಅದು. ಚನ್ನಗಿರಿ ಕಡೆ ಅಡಿಕೆ ತೋಟದ ಮೇಲೆ ಹಾದ ಕೇಬಲ್ ಮೇಲೆ ಸೋಗೆ ಬಿದ್ದರೂ ಇದೇ ಪಾಡು. ಅದನ್ನು ಲೈನ್‌ಮನ್ನೇ ಸರಿಪಡಿಸಬೇಕು. ಕೆಂಪು ದೀಪದ ಫೋಟೊ ಕಳಿಸಿ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಎಲ್ಲ ದೀಪವೂ ಆರಿ ಮತ್ತೆ ಹತ್ತಿದರೆ ತಪ್ಪು ಹೆಚ್ಚಾಗಿ ಕರೆಂಟಿನದು, ಇಲ್ಲವೇ ಅಡಾಪ್ಟರ್‌ನದು. ಕರೆಂಟೇ ಕಾರಣವಾದರೆ ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್‌ಗೆ ಹೊಂದುವ ಪುಟ್ಟ ಯುಪಿಎಸ್ ತನ್ನಿ. ಹೊನ್ನಾಳಿ, ಜಗಳೂರಿನ ದಪ್ಪ ಗೋಡೆಯ ಹಳೆಮನೆಗಳವರಿಗೂ ಒಂದು ಮಾತು: ದೀಪವೆಲ್ಲ ಸರಿಯಿದ್ದು ಒಳಕೋಣೆಯಲ್ಲಷ್ಟೇ ನೆಟ್ ತಪ್ಪಿದರೆ 5 ಗಿಗಾಹರ್ಟ್ಸ್ ವೈಫೈ ಬಿಟ್ಟು 2.4ಕ್ಕೆ ಸೇರಿಕೊಳ್ಳಿ.

ಪರೀಕ್ಷೆಯ ದಿನ ಮೊಬೈಲ್ ಹಾಟ್‌ಸ್ಪಾಟ್ ಸಿದ್ಧವಿರಲಿ. ಹಿಂದಿನ ರಾತ್ರಿಯೇ ಜೋಡಿಸಿ ನೋಡಿ.