ಗಂಡು ಪ್ರಾಣಿಗಳ ಸಂತಾನ ನಿರೋಧ: ಶಸ್ತ್ರವಿಲ್ಲದ ದಾರಿ

ಹೈದರಾಬಾದಿನ ಓಣಿಗಳಲ್ಲಿ ದಿನವೂ ಶಾಲೆಗೆ ನಡೆದು ಬರುವ ನಮಗೆ ಬೀದಿನಾಯಿಗಳ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಅವುಗಳಲ್ಲಿ ಕೆಲವಕ್ಕೆ ಕಿವಿಯ ಅಂಚನ್ನು ಕೊಂಚ ಕತ್ತರಿಸಿರುವುದನ್ನು ನೀವು ಕಂಡಿರಬಹುದು. ಸಂತಾನಹರಣ ಶಸ್ತ್ರಕ್ರಿಯೆಯೂ ಹುಚ್ಚುನಾಯಿ ರೋಗದ ಲಸಿಕೆಯೂ ಆಗಿರುವ ನಾಯಿಯ ಗುರುತು ಅದು. ನಾಯಿಗಳನ್ನು ಕೊಲ್ಲದೆ ಹೀಗೆ ಅವುಗಳ ಸಂಖ್ಯೆಯನ್ನು ತಗ್ಗಿಸಬೇಕೆಂದು ಭಾರತ ಸರಕಾರವು ೨೦೦೧ರಲ್ಲಿ ನಿಯಮ ಮಾಡಿತು. ೨೦೨೩ರಲ್ಲಿ ಅದರ ಸ್ಥಾನದಲ್ಲಿ ಹೊಸ ನಿಯಮಗಳು ಬಂದವು.

ನಿಯಮ ಸರಳ, ಕೆಲಸ ಕಠಿಣ. ಪ್ರತಿಯೊಂದು ನಾಯಿಯನ್ನೂ ಹಿಡಿದು ತರಬೇಕು, ಅರಿವಳಿಕೆ ಕೊಡಬೇಕು, ಕೊಯ್ದು ಹೊಲಿಯಬೇಕು, ಗಾಯ ಮಾಯುವ ತನಕ ಕಾಯ್ದು ಹಿಡಿದ ಜಾಗದಲ್ಲಿಯೇ ಬಿಡಬೇಕು. ಹೆಣ್ಣುನಾಯಿಯಾದರೋ ಗರ್ಭ ಧರಿಸಿದ ಸುಮಾರು ೬೩ ದಿನಗಳಲ್ಲಿಯೇ ಮರಿಹಾಕುತ್ತದೆ! ಆದುದರಿಂದಲೇ, ಒಂದು ಸೂಜಿಮದ್ದಿನಿಂದ ಈ ಕಾರ್ಯ ಸಾಧ್ಯವೇ ಎಂದು ವಿಜ್ಞಾನಿಗಳು ಹುಡುಕುತ್ತಿರುವರು.

ಕೊಯ್ಯದೆ ಬೀಜ ಒಡೆಯುವುದು ನಮ್ಮ ರೈತರಿಗೆ ಹೊಸದಲ್ಲ. ಹೋರಿಯನ್ನು ಎತ್ತಾಗಿಸಲು ಪಶುವೈದ್ಯರು ಬರ್ಡಿಜೊ ಎಂಬ ಇಕ್ಕಳವನ್ನು ಬಳಸುತ್ತಾರೆ. ಅದು ಚರ್ಮವನ್ನು ಸೀಳದೆ ಒಳಗಿನ ರಕ್ತನಾಳಗಳನ್ನು ಜಜ್ಜುತ್ತದೆ. ರಕ್ತ ಸಿಗದ ವೃಷಣಗಳು ಸೊರಗುತ್ತವೆ. ರಕ್ತ ಸುರಿಯದಿದ್ದರೂ ನೋವು ಮಾತ್ರ ತಪ್ಪಿದ್ದಲ್ಲ.

ಸೂಜಿಮದ್ದಿನಲ್ಲಿ ಮೊದಲು ಹೆಸರಾದುದು ಸತುವಿನ ಒಂದು ಲವಣ. ೨೦೦೩ರಲ್ಲಿ ಅಮೆರಿಕವು ಗಂಡು ನಾಯಿಮರಿಗಳಿಗೆ ಅದನ್ನು ಒಪ್ಪಿತು. ಇನ್ನು ಸಸ್ಯಗಳ ಕಡೆಗೆ ಬರೋಣ. ತೆಲಂಗಾಣದಲ್ಲಿಯೂ ರಾಯಚೂರಿನ ಸೀಮೆಯಲ್ಲಿಯೂ ಬೆಳೆಯುವ ಹತ್ತಿಯ ಬೀಜದಲ್ಲಿ ಗಾಸಿಪಾಲ್ ಎಂಬ ಹಳದಿ ವಸ್ತುವುಂಟು. ಚೀನಾ ದೇಶದಲ್ಲಿ ಶುದ್ಧಿಮಾಡದ ಹತ್ತಿಬೀಜದ ಎಣ್ಣೆಯನ್ನು ಉಂಡ ಗ್ರಾಮಗಳಲ್ಲಿ ಮಕ್ಕಳಾಗದಿರುವುದು ಕಂಡುಬಂದಾಗ ಇದರ ಗುಣ ಬಯಲಾಯಿತು. ೧೯೭೦ರ ದಶಕದಲ್ಲಿ ಅಲ್ಲಿ ಸಾವಿರಾರು ಗಂಡಸರಿಗೆ ಅದನ್ನು ಕೊಟ್ಟು ನೋಡಿದರು. ವೀರ್ಯಾಣುಗಳು ಕಡಿಮೆಯಾದವು, ನಿಜ. ಆದರೆ ಕೆಲವರ ರಕ್ತದಲ್ಲಿ ಪೊಟ್ಯಾಸಿಯಮ್ ಇಳಿದು ಕೈಕಾಲು ಸೋತವು, ಮತ್ತೆ ಕೆಲವರಿಗೆ ಸಂತಾನಶಕ್ತಿ ಮರಳಲೇ ಇಲ್ಲ. ಕೊನೆಗೆ ಆ ಪ್ರಯತ್ನವನ್ನು ಕೈಬಿಡಲಾಯಿತು. ಗಿಡದಿಂದ ಬಂದುದೆಲ್ಲ ನಿರಪಾಯವೆಂದು ನಂಬುವವರು ಇದನ್ನು ಓದಬೇಕು.

ಸಂತಾನಶಕ್ತಿ ಮರಳದಿರುವುದು ಮನುಷ್ಯನಿಗೆ ದೋಷ. ಬೀದಿನಾಯಿಯ ವಿಷಯದಲ್ಲಿ ಅದೇ ಗುಣ. ಔಷಧವು ಮೈಯೆಲ್ಲ ಹರಡದೆ ಬೇಕಾದ ಅಂಗದಲ್ಲಿಯೇ ನಿಂತರೆ ಸಾಕು. ಇಲ್ಲಿಯೇ ನ್ಯಾನೋ ಕಣಗಳ ಪ್ರಸ್ತಾಪ ಬರುತ್ತದೆ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಬೇವಿನಂತಹ ಎಲೆಯ ರಸವನ್ನು ಬೆಳ್ಳಿಯ ಲವಣದ ದ್ರಾವಣಕ್ಕೆ ಬೆರೆಸಿದರೆ, ರಸದ ಪದಾರ್ಥಗಳು ಲವಣವನ್ನು ಬೆಳ್ಳಿಯ ಅತಿ ಸಣ್ಣ ಕಣಗಳನ್ನಾಗಿ ಮಾಡಿ ತಾವೇ ಅವುಗಳಿಗೆ ಹೊದಿಕೆಯಾಗುತ್ತವೆ. ಇಂತಹ ಕಣಗಳು ವೀರ್ಯ ಹುಟ್ಟಿಸುವ ಕೋಶಗಳನ್ನು ಹೇಗೆ ಬಾಧಿಸುತ್ತವೆಂಬುದನ್ನು ಪ್ರಯೋಗಶಾಲೆಗಳಲ್ಲಿ ಪರೀಕ್ಷಿಸುತ್ತಾರೆ. ಇನ್ನೊಂದು ಉಪಾಯ ಶಾಖದ್ದು. ವೃಷಣಗಳು ದೇಹಕ್ಕಿಂತ ೨ರಿಂದ ೪ ಡಿಗ್ರಿ ತಂಪಾಗಿದ್ದರೆ ಮಾತ್ರ ಸರಿಯಾಗಿ ಕೆಲಸಮಾಡುತ್ತವೆ. ಇಲಿಗಳ ವೃಷಣಕ್ಕೆ ಚಿನ್ನದ ಸೂಕ್ಷ್ಮಕಡ್ಡಿಗಳನ್ನು ಸೇರಿಸಿ, ಅವಗೆಂಪು ಕಿರಣ ಬಿಟ್ಟು ಕಾಯಿಸಿದಾಗ ಅವುಗಳ ಸಂತಾನಶಕ್ತಿ ಕುಂದಿತು.

ಇಲಿಗೆ ಒಗ್ಗಿದುದು ನಾಯಿಗೆ ಒಗ್ಗುವುದೇ? ಕಣಗಳು ಯಕೃತ್ತಿಗೆ ಹರಿದು ಅಲ್ಲಿಯೇ ತಂಗಿದರೆ? ಇವನ್ನು ಪರೀಕ್ಷಿಸದೆ ಮದ್ದು ಬೀದಿಗೆ ಬರುವಂತಿಲ್ಲ. ಮತ್ತೊಂದು ತೊಡಕೂ ಇದೆ: ಒಂದು ಓಣಿಯ ಹತ್ತು ಗಂಡುನಾಯಿಗಳಲ್ಲಿ ಒಂಬತ್ತಕ್ಕೆ ಮದ್ದು ಕೊಟ್ಟರೂ, ಉಳಿದ ಒಂದೇ ಅಲ್ಲಿಯ ಹೆಣ್ಣುಗಳಿಗೆಲ್ಲ ಗರ್ಭ ಕಟ್ಟಿಸಬಲ್ಲದು. ಹೀಗಾಗಿ ಹೆಣ್ಣುನಾಯಿಗಳ ಶಸ್ತ್ರಕ್ರಿಯೆ ಆಗಲೂ ನಿಲ್ಲದು.